ದೇವರನ್ನು ನಂಬುವವರು ಜಾಸ್ತಿ ವರ್ಷ ಬದುಕುತ್ತಾರೆ ಅನ್ನುವುದಕ್ಕೆ ಆಧಾರ ಇದೆಯಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಭಕ್ತಿ ಇರುವವರ ಆಯಸ್ಸು ಹೆಚ್ಚು ಅಂತ ಫಾರ್ವರ್ಡ್ ಆಗಿ ಬಂದ ಸುದ್ದಿ ನಿಜವಾ ಅನ್ನುವುದು ಒಂದು. ನಿಜವಾದರೆ ನಿಮ್ಮ ತಾಯಿ ಬಿಪಿ ಮಾತ್ರೆ ಬಿಟ್ಟು ಜಪ, ಧ್ಯಾನ ಮಾಡಿಕೊಂಡಿದ್ದರೆ ಸಾಕಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ: ಸಾಕಾಗುವುದಿಲ್ಲ. ಮಾತ್ರೆ ನಿಲ್ಲಿಸಲು ಬಿಡಬೇಡಿ.

ಮೊದಲನೆಯದು ಸ್ವಲ್ಪ ಉದ್ದದ ಕತೆ. ನಾನು ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವಳು. ಅಂಕಿಗಳು ಹೇಗೆ ಯಾಮಾರಿಸುತ್ತವೆ ಅಂತ ತೋರಿಸಲು ಈ ಸಂಶೋಧನೆಗಳನ್ನೇ ಪಾಠಕ್ಕೆ ಇಟ್ಟುಕೊಂಡಿದ್ದೇನೆ.

2016ರಲ್ಲಿ ಒಂದು ದೊಡ್ಡ ಅಧ್ಯಯನ ಹೊರಬಂತು. ಅಮೆರಿಕದ ಸುಮಾರು 74,500 ಮಹಿಳಾ ನರ್ಸ್‌ಗಳನ್ನು 1996ರಿಂದ 16 ವರ್ಷ ಗಮನಿಸಿದ್ದರು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಸಾಮೂಹಿಕ ಪ್ರಾರ್ಥನೆಗೆ ಹೋಗುತ್ತಿದ್ದವರಲ್ಲಿ, ಹೋಗದೇ ಇದ್ದವರಿಗಿಂತ, ಸಾವಿನ ಅಪಾಯ ಶೇ 33ರಷ್ಟು ಕಡಿಮೆ ಇತ್ತು. ಇದನ್ನು ಹೇಳಿದ ತಕ್ಷಣ ಕ್ಲಾಸಿನಲ್ಲಿ ಯಾರಾದರೂ ಕೈ ಎತ್ತುತ್ತಾರೆ. "ಮೇಡಂ, ಕಾಯಿಲೆ ಬಿದ್ದವರು ಮನೆಯಲ್ಲೇ ಇರ್ತಾರೆ ಅಲ್ವಾ? ಹೋಗೋರೆಲ್ಲ ಮೊದಲೇ ಗಟ್ಟಿಮುಟ್ಟು." ಒಳ್ಳೆಯ ಅನುಮಾನ. ಆದರೆ ಅಧ್ಯಯನ ಮಾಡಿದವರೂ ದಡ್ಡರಲ್ಲ. ಅಧ್ಯಯನಕ್ಕೆ ಮೊದಲು ಇದ್ದ ಆರೋಗ್ಯ, ಸಿಗರೇಟು, ಖಿನ್ನತೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಉಳಿದ ಅಂತರ ಅದು.

ಹಾಗಂತ ಭಕ್ತಿ ಗೆದ್ದಿತು ಅನ್ನಬೇಡಿ. ಅವರು ಅಳೆದದ್ದು ಹಾಜರಿ. ಭಕ್ತಿ ಅಳೆಯುವ ಮೀಟರ್ ಯಾರ ಹತ್ತಿರ ಇದೆ? ವಾರವಾರ ಹೋಗುವವರು ಆಮೇಲೂ ಸಿಗರೇಟು ಕಡಿಮೆ ಸೇದುತ್ತಾರೆ. ನಾಲ್ಕು ಜನರ ಪರಿಚಯ ಇರುತ್ತದೆ. ಒಂದು ವಾರ ಕಾಣದಿದ್ದರೆ "ಏನಾಯ್ತು" ಅಂತ ಫೋನ್ ಮಾಡುವವರು ಇರುತ್ತಾರೆ. ಲಾಭದ ಒಂದು ಪಾಲು ಅಲ್ಲಿಂದಲೇ ಬಂದಿದೆ.

ಸರಿ, ಎಲ್ಲಾ ಒಡನಾಟದ ಮಹಿಮೆ ಅಂತ ಮುಗಿಸೋಣ ಅಂದರೆ ಇಸ್ರೇಲಿನ ಕಿಬ್ಬುಟ್ಸ್‌ಗಳ ಅಧ್ಯಯನ ಅಡ್ಡ ಬರುತ್ತದೆ. ಕಿಬ್ಬುಟ್ಸ್ ಅಂದರೆ ಒಟ್ಟಿಗೆ ದುಡಿದು ಒಟ್ಟಿಗೆ ಬದುಕುವ ಹಳ್ಳಿ. ಧಾರ್ಮಿಕವಾದ 11, ಧರ್ಮದ ಗೋಜಿಲ್ಲದ 11 ಹಳ್ಳಿಗಳನ್ನು 1970ರಿಂದ 1985ರವರೆಗೆ ಹೋಲಿಸಿದರು. ಒಡನಾಟಕ್ಕೆ ಎರಡೂ ಕಡೆ ಬರವಿರಲಿಲ್ಲ. ಆದರೂ ಧಾರ್ಮಿಕ ಹಳ್ಳಿಗಳಲ್ಲಿ ಸಾವು ಕಡಿಮೆ. ಯಾಕೆ ಅಂತ ಕೇಳಿದರೆ ನಾನೂ ತಲೆ ಕೆರೆದುಕೊಳ್ಳುತ್ತೇನೆ.

ಬೇರೆಯವರು ನಮಗಾಗಿ ಪ್ರಾರ್ಥಿಸಿದರೆ? ಅದನ್ನೂ ಪರೀಕ್ಷಿಸಿದ್ದಾರೆ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 1,802 ಬೈಪಾಸ್ ರೋಗಿಗಳಿದ್ದರು. ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿಲ್ಲದ ಎರಡು ಗುಂಪುಗಳಲ್ಲಿ ತೊಡಕುಗಳು ಹೆಚ್ಚುಕಡಿಮೆ ಒಂದೇ: ಪ್ರಾರ್ಥನೆ ಇದ್ದವರಲ್ಲಿ ಶೇ 52, ಇಲ್ಲದವರಲ್ಲಿ ಶೇ 51. "ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ" ಅಂತ ಮೊದಲೇ ಹೇಳಿಸಿಕೊಂಡಿದ್ದವರಲ್ಲಿ ಶೇ 59! ಅಯ್ಯೋ, ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯಾ ಅಂತ ಅವರು ಗಾಬರಿಯಾಗಿರಬಹುದು. ಅಂತೂ ಆ ದಾರಿಯಲ್ಲಿ ನನಗೆ ಭರವಸೆ ಇಲ್ಲ.

ನನಗೆ ತೀರಾ ಹತ್ತಿರವಾದದ್ದು 2001ರ ಒಂದು ಅಧ್ಯಯನ. ಅದಕ್ಕೆ ಸ್ವಂತ ಕಾರಣವೂ ಇದೆ. ಅಪ್ಪ ಹೃದಯದ ಆಪರೇಷನ್ ಆಗಿ ಮಲಗಿದ್ದಾಗ ನೋಡಲು ಬಂದ ನೆಂಟರೊಬ್ಬರು "ಏನೋ ಪಾಪ ಮಾಡಿದ್ದಿರಬೇಕು, ದೇವರು ಸುಮ್ನೆ ಕೊಡಲ್ಲ" ಅಂದುಬಿಟ್ಟರು. ಅಪ್ಪ ದೈವಭಕ್ತರು. ಮೂರು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಊಟವೂ ಅಷ್ಟಕ್ಕಷ್ಟೇ. ಆ ಅಧ್ಯಯನದಲ್ಲಿ ಕೆನ್ನೆತ್ ಪಾರ್ಗಮೆಂಟ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ್ದ 596 ಹಿರಿಯರನ್ನು ಮಾತಾಡಿಸಿ, ಎರಡು ವರ್ಷ ಬಿಟ್ಟು ಯಾರು ಬದುಕಿದ್ದಾರೆ ಅಂತ ನೋಡಿದರು. ದೇವರು ನನ್ನ ಕೈಬಿಟ್ಟ, ಅವನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂತ ಕೊರಗುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಕಾಯಿಲೆಯ ತೀವ್ರತೆಯನ್ನು ಲೆಕ್ಕ ಹಾಕಿದ ಮೇಲೂ ಹೆಚ್ಚೇ ಇತ್ತು. ನಂಬಿಕೆ ಒಂದೇ, ಆದರೆ ಒಬ್ಬರಿಗೆ ಆಸರೆ, ಇನ್ನೊಬ್ಬರಿಗೆ ಮುಳ್ಳು. "ನಂಬುವವರು" ಅಂತ ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕಿ ಸರಾಸರಿ ತೆಗೆದರೆ ಇದು ಕಾಣಿಸುವುದೇ ಇಲ್ಲ.

ಇನ್ನು ಜಪದ ವಿಷಯ. ಇಟಲಿಯ ಸಂಶೋಧಕರು 23 ಜನರಿಂದ ಕ್ರೈಸ್ತರ ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಆರಕ್ಕೆ ಇಳಿಯಿತು. ರಕ್ತದೊತ್ತಡ ಏರಿಳಿದಾಗ ಅದಕ್ಕೆ ತಕ್ಕಂತೆ ಹೃದಯದ ಬಡಿತ ಹೊಂದಿಕೊಳ್ಳುವ ಗುಣವೂ ಚುರುಕಾಯಿತು. ಚಿಕ್ಕ ಪ್ರಯೋಗ, ಅಳೆದದ್ದೂ ಜಪ ಮಾಡುತ್ತಿರುವಾಗಲೇ. ಆದರೂ ನಿಮ್ಮ ತಾಯಿ ಜಪ ಮಾಡುತ್ತೇನೆ ಅಂದರೆ ಖಂಡಿತ ಮಾಡಲಿ. ಜೊತೆಗೆ ನಾಲ್ಕು ಜನ ಸಿಕ್ಕರೆ ಇನ್ನೂ ಒಳ್ಳೆಯದು.

ದಿನಾ ಒಂದೇ ಹೊತ್ತಿಗೆ ಬಿಪಿ ನೋಡಿ ಬರೆದಿಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆ ಹಾಳೆ ತೆಗೆದುಕೊಂಡು ಹೋಗಿ. ಬಿಪಿ ನಿಜವಾಗಿಯೂ ಇಳಿದಿದ್ದರೆ ಮಾತ್ರೆ ಕಡಿಮೆ ಮಾಡಬಹುದಾ ಅಂತ ಅವರೇ ನೋಡುತ್ತಾರೆ.