ರೆಕ್ಕೆಯ ದೇವತೆ, ಕಾಲ ಬಳಿ ಸೆರೆಯಾಳು: ನನ್ನ ರೋಮನ್ ನಾಣ್ಯ ಯಾವ ಯುದ್ಧದ ಗೆಲುವಿನದು? ತೊಳೆದರೆ ಗೊತ್ತಾಗುತ್ತದೆಯೇ?

ತೊಳೆಯಬೇಡಿ. 11 ವರ್ಷಗಳ ಹಿಂದೆ ಇದೇ ಪ್ರಶ್ನೆ ಇಟ್ಟುಕೊಂಡು ನಾನು ಅಡುಗೆಮನೆಯ ನಲ್ಲಿಯ ಮುಂದೆ ನಿಂತಿದ್ದೆ.

ಆಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೆ. ನಾಣ್ಯಗಳ ಮೇಳವೊಂದರಲ್ಲಿ 12 ಪೌಂಡ್ ಕೊಟ್ಟು, ಕಿಲುಬು ಹಿಡಿದ ಕಂಚಿನ ನಾಣ್ಯವೊಂದನ್ನು ಕೊಂಡೆ. ಮುಂಬದಿಯಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ತಲೆ. ಹಿಂಬದಿಯಲ್ಲಿ ಬಲಕ್ಕೆ ನಡೆಯುತ್ತಿರುವ ವಿಜಯದೇವತೆ, ಅವಳ ಮುಂದೆ ನೆಲದ ಮೇಲೆ ಕುಳಿತ ಸೆರೆಯಾಳು. ಸುತ್ತಲಿನ ಅಕ್ಷರಗಳಲ್ಲಿ ಅರ್ಧ ಹಸಿರಿನಡಿ ಮುಚ್ಚಿಹೋಗಿತ್ತು. ಚಿತ್ರದ ಕೆಳಗೆ ಒಂದು ಗೀಟು, ಗೀಟಿನ ಕೆಳಗೆ ‘ಪಿ’, ‘ಎಲ್’, ಆಮೇಲೆ ಒಂದು ಹಸಿರು ಗಂಟು.

ಊರಿನಲ್ಲಿ ಅಮ್ಮ ತಾಮ್ರದ ಚೆಂಬನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ಫಳಫಳ ಬೆಳಗುತ್ತಿದ್ದುದು ನೆನಪಾಯಿತು. ನಾನೂ ಹಾಗೆಯೇ ಮಾಡಿದೆ, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು. ಹತ್ತು ನಿಮಿಷದಲ್ಲಿ ಹಸಿರೆಲ್ಲ ಹೋಗಿ ನಾಣ್ಯ ಕೆಂಪಗೆ ಹೊಳೆಯಿತು. ಗೀಟಿನ ಕೆಳಗೆ ಏನೂ ಉಳಿದಿರಲಿಲ್ಲ.

ಇದು ಏಕೆ ಹೀಗಾಯಿತು ಎಂಬುದನ್ನು ದಯವಿಟ್ಟು ತಾಳ್ಮೆಯಿಂದ ಓದಿ. ಚೆಂಬಿನ ಮೇಲಿನ ಕಿಲುಬು ತೆಳ್ಳನೆಯ ಕೊಳೆ. ಅದರಡಿ ಲೋಹ ಗಟ್ಟಿಯಾಗಿರುತ್ತದೆ. 1,700 ವರ್ಷ ಮಣ್ಣಿನಲ್ಲಿದ್ದ ಕಂಚು ಹಾಗಲ್ಲ. ಅದರ ಮೇಲ್ಮೈ ನಿಧಾನವಾಗಿ ತಾನೇ ಕಿಲುಬಾಗಿ ಮಾರ್ಪಟ್ಟಿರುತ್ತದೆ. ಟಂಕಸಾಲೆಯಲ್ಲಿ ಒತ್ತಿದ ಅಕ್ಷರಗಳ ಆಕಾರ ಉಳಿದಿರುವುದು ಆ ಹಸಿರು ಪದರದಲ್ಲಿ. ಅದರ ಕೆಳಗಿರುವುದು ತಿಂದುಹೋದ, ಕುಳಿಬಿದ್ದ ಲೋಹ. ಹುಳಿ ಆ ಪದರವನ್ನು ಕರಗಿಸಿದರೆ ಅಕ್ಷರವೂ ಕರಗುತ್ತದೆ. ಅಕ್ಷರವನ್ನು ಮುಚ್ಚಿದ ಕೊಳೆ ಎಂದು ನಾನು ಉಜ್ಜಿದ್ದು ಅಕ್ಷರವನ್ನೇ. ಸಾಲದೆಂಬಂತೆ, ಉಪ್ಪಿನಲ್ಲಿರುವ ಕ್ಲೋರೈಡ್ ಕಂಚಿನೊಳಗೆ ಸೇರಿ ಕೆಲವು ತಿಂಗಳಲ್ಲಿ ತಿಳಿಹಸಿರು ಹಿಟ್ಟು ಉದುರತೊಡಗಿತು. ಆ ರೋಗ ಹಿಡಿದ ನಾಣ್ಯ ಒಳಗಿನಿಂದಲೇ ಸವೆಯುತ್ತದೆ.

ಕಳೆದುಕೊಂಡದ್ದು ಏನೆಂದು ಆಮೇಲೆ ಗೊತ್ತಾಯಿತು. ಅಂಚಿನಲ್ಲಿ ಉಳಿದ ನಾಲ್ಕಾರು ಅಕ್ಷರಗಳಿಂದ ಅದು ‘ಸರ್ಮಾಟಿಯಾ ಡೆವಿಕ್ಟಾ’ ಎಂದು ತಿಳಿಯಿತು. ‘ಸೋತ ಸರ್ಮಾಟಿಯಾ’ ಎಂದರ್ಥ. ಡ್ಯಾನ್ಯೂಬ್ ನದಿಯಾಚೆಯ ಸರ್ಮಾಟಿಯನ್ನರನ್ನು ಸೋಲಿಸಿದ್ದಕ್ಕಾಗಿ ಕ್ರಿ.ಶ. 323–324ರಲ್ಲಿ ಹೊರಡಿಸಿದ ನಾಣ್ಯ. ಇದನ್ನು ಲಂಡನ್ನಿನಲ್ಲೂ ಫ್ರಾನ್ಸಿನ ಲಿಯಾನ್‌ನಲ್ಲೂ ಅಚ್ಚು ಹಾಕಿದ್ದರು. ಗೀಟಿನ ಕೆಳಗಿನ ಅಕ್ಷರಗಳು ಟಂಕಸಾಲೆಯ ಗುರುತು: ಲಂಡನ್ನಿನದು ‘ಪಿ ಎಲ್ ಒ ಎನ್’, ಲಿಯಾನ್‌ನದು ‘ಪಿ ಎಲ್ ಜಿ’. ಎರಡಕ್ಕೂ ಮೊದಲೆರಡು ಅಕ್ಷರ ಒಂದೇ! ನನಗೆ ಬೇಕಾಗಿದ್ದ ಮೂರನೆಯ ಅಕ್ಷರ ಆ ಗಂಟಿನಲ್ಲಿತ್ತು. ಅದಾಗಿ ಒಂದೆರಡು ವರ್ಷದಲ್ಲೇ, 325ರ ಹೊತ್ತಿಗೆ, ಲಂಡನ್ನಿನ ಆ ಟಂಕಸಾಲೆ ಮುಚ್ಚಿತು. ನಾನು ದಿನಾ ಓಡಾಡುತ್ತಿದ್ದ ಊರಿನಲ್ಲೇ ಹುಟ್ಟಿದ ನಾಣ್ಯ ಅದಾಗಿತ್ತೇ ಎಂದು ಇನ್ನು ಯಾರೂ ಹೇಳಲಾರರು.

ಈಗ ನಿಮ್ಮ ನಾಣ್ಯ. ‘ಯಾವ ಯುದ್ಧ’ ಎಂದು ಕೇಳುವ ಮೊದಲು, ಯುದ್ಧವೊಂದು ಇತ್ತೇ ಎಂದು ಕೇಳಿ. ವಿಜಯದೇವತೆ ರೋಮನ್ ನಾಣ್ಯಗಳಲ್ಲಿ ಎಲ್ಲೆಲ್ಲೂ ಇದ್ದಾಳೆ. ‘ವಿಕ್ಟೋರಿಯಾ ಆಗಸ್ಟಿ’ ಎಂದರೆ ಬರೀ ‘ಚಕ್ರವರ್ತಿಯ ವಿಜಯ’, ಅದಕ್ಕೆ ನಿರ್ದಿಷ್ಟ ಕದನ ಬೇಕಿಲ್ಲ. ನಿಮ್ಮದು ಹೆಬ್ಬೆರಳ ಉಗುರಿಗಿಂತ ಚಿಕ್ಕದಾಗಿದ್ದು, ದೇವತೆ ಎಡಕ್ಕೆ ನಡೆಯುತ್ತ ಸೆರೆಯಾಳನ್ನು ಎಳೆದೊಯ್ಯುತ್ತಿದ್ದರೆ, ಅದು ಬಹುಮಟ್ಟಿಗೆ ನಾಲ್ಕನೆಯ ಶತಮಾನದ ಕೊನೆಯ ‘ಸಾಲುಸ್ ರೆಯಿಪುಬ್ಲಿಕೇ’, ಅಂದರೆ ‘ರಾಜ್ಯದ ಕ್ಷೇಮ’. ಅದರಲ್ಲಿ ಯಾವ ಯುದ್ಧದ ಹೆಸರೂ ಇಲ್ಲ.

ಸೋತವರ ಹೆಸರು ಕಂಡರೆ ಮಾತ್ರ ನಾನು ಒಪ್ಪುತ್ತೇನೆ. ಕ್ರಿ.ಶ. 70ರಲ್ಲಿ ಜೆರುಸಲೇಮ್ ಬಿದ್ದ ಮೇಲೆ ಚಕ್ರವರ್ತಿ ವೆಸ್ಪಾಸಿಯನ್ ಹೊರಡಿಸಿದ ‘ಯೂಡಿಯಾ ಕ್ಯಾಪ್ಟಾ’ದಲ್ಲಿ (‘ಸೆರೆಸಿಕ್ಕ ಯೂಡಿಯಾ’, ಅಂದರೆ ಯಹೂದಿಗಳ ನಾಡು) ಖರ್ಜೂರದ ಮರದಡಿ ಕುಳಿತು ಅಳುವ ಹೆಂಗಸಿದ್ದಾಳೆ. ಈಜಿಪ್ಟ್ ಗೆದ್ದ ಆಕ್ಟೇವಿಯನ್ (ಮುಂದೆ ಚಕ್ರವರ್ತಿ ಆಗಸ್ಟಸ್ ಆದವನು) ಆ ನಾಡಿನ ಹೆಸರಿನೊಡನೆ ಮೊಸಳೆ ಹಾಕಿಸಿದ. ಇವುಗಳಲ್ಲಿ ವಿಜಯದೇವತೆಯೇ ಬೇಕಾಗಿಲ್ಲ, ನೋಡಿ. ಮುಂಬದಿಯ ಬಿರುದುಗಳೂ ಸುಳಿವು ಕೊಡುತ್ತವೆ. ಚಕ್ರವರ್ತಿ ಟ್ರಾಜನ್‌ನ ‘ಡಾಕಿಕಸ್’ ಡಾಕಿಯಾ (ಇಂದಿನ ರೊಮೇನಿಯಾದ ಕಡೆಯ ನಾಡು) ಯುದ್ಧದಿಂದಲೇ ಬಂದದ್ದು. ಆದರೆ ನೀರೋನ ‘ಜರ್ಮಾನಿಕಸ್’ ಮನೆತನದಿಂದ ಬಂದ ಹೆಸರು, ಅವನು ಗೆದ್ದು ಪಡೆದದ್ದಲ್ಲ. 244ರಲ್ಲಿ ಪರ್ಷಿಯಾಕ್ಕೆ ಹಣ ತೆತ್ತು ಯುದ್ಧ ನಿಲ್ಲಿಸಿದ ಚಕ್ರವರ್ತಿ ಫಿಲಿಪ್, ‘ಪರ್ಷಿಯನ್ನರೊಡನೆ ಶಾಂತಿ ನೆಲೆಗೊಂಡಿತು’ ಎಂದು ನಾಣ್ಯದ ಮೇಲೆ ಬರೆಸಿದ. ನಾಣ್ಯ ಹೇಳುವುದು ಅರಮನೆಯ ಮಾತು.

ಫೋಟೊ ನೋಡಿ ಹೆಸರು ಹೇಳುವ ಆಪ್‌ಗಳನ್ನು ನಾನು ನಂಬುವುದಿಲ್ಲ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ, ನಾಣ್ಯಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ. ಹಗಲಿನಲ್ಲಿ ಕಾಣದ ಅಕ್ಷರಗಳು ನೆರಳಿನಲ್ಲಿ ಏಳುತ್ತವೆ. ಕಂಡದ್ದನ್ನು ಬರೆದುಕೊಳ್ಳಿ, ಕಾಣದ ಕಡೆ ಚುಕ್ಕೆ ಇಡಿ. ‘ಯು’ ಇರಬೇಕಾದಲ್ಲಿ ‘ವಿ’ ಇರುತ್ತದೆ. ಅಡ್ಡಳತೆ, ತೂಕ ನೋಡಿ. ಮಣ್ಣು ತೀರಾ ಇದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಕೆಲವು ದಿನ ನೆನೆಸಿಡಿ, ಅಷ್ಟೇ. ಆ ಅಕ್ಷರಗಳನ್ನೂ ಗೀಟಿನ ಕೆಳಗಿನ ಜಾಗದ ಹತ್ತಿರದ ಚಿತ್ರವನ್ನೂ ಇಲ್ಲಿ ಹಾಕಿ, ನಾನು ನೋಡುತ್ತೇನೆ.