ಪೆಟ್ಟಿಗೆಗಿಂತ ಗೋದಾಮಿಗೆ ಹೆದರು

ತಮ್ಮಾ, ನೀನು ಬರೆದದ್ದನ್ನು ಓದಿದೆ. ಕೆನಡಾದಲ್ಲಿ ಲಾರಿಗೊಂದು ಪೆಟ್ಟಿಗೆ ಹಾಕಿ ಡ್ರೈವರ್ ಎಷ್ಟು ಗಂಟೆ ಓಡಿಸಿದ ಎಂದು ಸರ್ಕಾರ ನೋಡುತ್ತಾ ಕೂರುತ್ತದಂತೆ, ಹಾಗಾದರೆ ನಾಲ್ಕು ಕಾಸು ಸಂಪಾದಿಸುವುದು ಹೇಗೆ ಎಂದು ಕೇಳಿದ್ದೀಯ. ಚಳಿ, ಊಟ, ಲೈಸೆನ್ಸು, ಸಂಸಾರದ ಬಗ್ಗೆಯೂ ಕೇಳಿದ್ದೀಯ. ಚಳಿಗೆ ಬೂಟು ಇಲ್ಲಿಗೆ ಬಂದ ಮೇಲೆ ಕೊಂಡುಕೋ, ಚಿಕ್ಕಪೇಟೆಯಿಂದ ತಂದದ್ದು ಕೆಲಸಕ್ಕೆ ಬರುವುದಿಲ್ಲ. ಊಟಕ್ಕೆ ಲಾರಿಯಲ್ಲೇ ಕುಕ್ಕರ್ ಇಟ್ಟುಕೊಳ್ಳುತ್ತೇವೆ.

ಲೈಸೆನ್ಸಿನದು ಕಷ್ಟ. ಯಶವಂತಪುರದ ಯಾರ್ಡಿನಲ್ಲಿ ಎಷ್ಟು ವರ್ಷ ಗಾಡಿ ಓಡಿಸಿದ್ದರೂ ಇಲ್ಲಿ ಹೊಸಬನೇ. ನಾನಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಮೊದಲು ಕಾರಿನ ಪೂರ್ಣ ಲೈಸೆನ್ಸ್ ಆಗಬೇಕು. ಆಮೇಲೆ ಕನಿಷ್ಠ 103.5 ಗಂಟೆಯ ತರಬೇತಿ, ಅದಾದ ಮೇಲೆ ಪರೀಕ್ಷೆ. ಈ ತರಬೇತಿ ಕಡ್ಡಾಯವಾದದ್ದು 2017ರ ಜುಲೈಯಲ್ಲಿ. ನಾನು ಅದಕ್ಕಿಂತ ಮೊದಲೇ ಬಂದವನು, ಆ ಖರ್ಚು ನನಗೆ ಬೀಳಲಿಲ್ಲ.

ಇನ್ನು ಪೆಟ್ಟಿಗೆ. ಅದಕ್ಕೆ ಇಎಲ್‌ಡಿ ಎನ್ನುತ್ತಾರೆ. ಎಂಜಿನ್ನಿಗೆ ಜೋಡಿಸಿರುತ್ತಾರೆ, ಗಾಡಿ ಗಂಟೆಗೆ 8 ಕಿಲೋಮೀಟರ್ ವೇಗ ಮುಟ್ಟಿದರೆ ಸಾಕು, ತಾನಾಗಿಯೇ ‘ಚಾಲನೆ’ ಎಂದು ಬರೆದುಕೊಳ್ಳುತ್ತದೆ. ಸರ್ಕಾರದವರು ಎಲ್ಲೋ ಕುಳಿತು ನಿನ್ನನ್ನೇ ನೋಡುತ್ತಿರುತ್ತಾರೆ ಎಂಬುದು ಸುಳ್ಳು. ದಾಖಲೆ ನಿನ್ನ ಬಳಿ, ಕಂಪನಿಯ ಬಳಿ ಇರುತ್ತದೆ. ರಸ್ತೆಯಲ್ಲಿ ಅಧಿಕಾರಿ ತಡೆದು ಕೇಳಿದಾಗ ಆ ದಿನದ್ದು ಮತ್ತು ಹಿಂದಿನ 14 ದಿನಗಳದ್ದು ತೋರಿಸಬೇಕು. ಹೆಚ್ಚು ಓಡಿಸಿದ್ದರೆ ದಂಡ ಹಾಕಬಹುದು, ಲಾರಿಯನ್ನು ಅಲ್ಲೇ ನಿಲ್ಲಿಸಲೂಬಹುದು. ನಾವು ಓಡಾಡುವ ಕಡೆಗಳಲ್ಲಿ ದಿನಕ್ಕೆ 13 ಗಂಟೆ ಚಾಲನೆ, ಎಲ್ಲ ಕೆಲಸ ಸೇರಿ 14 ಗಂಟೆ ಮಿತಿ. ಅಮೆರಿಕಕ್ಕೆ ಹೋದರೆ ಚಾಲನೆ 11 ಗಂಟೆಗೆ ಇಳಿಯುತ್ತದೆ.

ನಗಬೇಡ. ನಮ್ಮಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಎನ್ನುತ್ತಿತ್ತು. ಕೋಲಾರದ ಟೊಮೆಟೊ ತುಂಬಿಕೊಂಡು ದೆಹಲಿಗೆ ಹೋಗುವಾಗ ಅದನ್ನು ಯಾವ ಮಾಲೀಕ ನಮಗೆ ಹೇಳಿದ್ದ? ಹಣ್ಣು ಕೊಳೆಯುವ ಮೊದಲು ತಲುಪಿಸು ಎನ್ನುವುದೊಂದೇ ಕಾಯ್ದೆ. ಕಣ್ಣು ಎಳೆದರೆ ಡಾಬಾದ ಮುಂದೆ ಮುಖಕ್ಕೆ ನೀರು ಎರಚಿಕೊಂಡು ಮತ್ತೆ ಹತ್ತುವುದು. ನಿನಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬಂದ ಹೊಸದರಲ್ಲಿ ಪೆಟ್ಟಿಗೆ ಇರಲಿಲ್ಲ, ಕಾಗದದ ಲಾಗ್ ಪುಸ್ತಕ. ಒಬ್ಬ ಸರ್ದಾರ್ಜಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಹಾಳೆಯಲ್ಲಿ ಇಪ್ಪತ್ನಾಲ್ಕು ಗಂಟೆಯ ಮನೆಗಳು, ಅದರಲ್ಲಿ ನಾಲ್ಕು ಸಾಲು: ರಜೆ, ಮಲಗುವ ಕ್ಯಾಬಿನ್, ಚಾಲನೆ, ಇತರ ಕೆಲಸ. ಸ್ಕೇಲು ಇಟ್ಟು ಗೆರೆ ಎಳೆಯುತ್ತಾ ಹೋಗಬೇಕು. ಅವರ ಗೆರೆಗಳು ಬಹಳ ನೇರ, ಲೆಕ್ಕ ಮಾತ್ರ ಅಷ್ಟು ನೇರವಾಗಿರಲಿಲ್ಲ! ಅಮೆರಿಕಕ್ಕೆ ಹೋಗುವ ಗಾಡಿಗಳಿಗೆ 2017ರ ಡಿಸೆಂಬರಿನಲ್ಲಿ ಯಂತ್ರ ಬಂತು. ಇಲ್ಲಿ ಕಾನೂನು 2021ರಲ್ಲೇ ಬಂದಿದ್ದರೂ ಬಿಗಿಯಾಗಿ ಹಿಡಿದದ್ದು 2023ರ ಜನವರಿಯಿಂದ.

ಈಗ ನೀನು ಕೇಳದಿದ್ದ ವಿಷಯ. ನಿನ್ನ ಗಂಟೆಗಳನ್ನು ತಿನ್ನುವುದು ರಸ್ತೆಯಲ್ಲ, ಗೋದಾಮು. ನಮಗೆ ಸಂಬಳ ಮೈಲಿ ಲೆಕ್ಕ. ಗೋದಾಮಿನ ಮುಂದೆ ಕಾಯುವಾಗ ಮೈಲಿ ಓಡುವುದಿಲ್ಲ, ಆ 14 ಗಂಟೆಯ ಗಡಿಯಾರ ಓಡುತ್ತದೆ. ಸಾಲು ಮುಂದೆ ಸರಿಯುತ್ತಲೇ ಇರುವುದರಿಂದ ಮಲಗುವಂತೆಯೂ ಇಲ್ಲ.

ಒಂದು ಗಣೇಶನ ಹಬ್ಬ ಹೀಗೆಯೇ ಹೋಯಿತು. ವಿಂಡ್ಸರ್ ಕಡೆಯ ಒಂದು ಗೋದಾಮಿನಲ್ಲಿ ಬೆಳಗ್ಗೆ ಸಿಗಬೇಕಾದ ಲೋಡು ಸಿಕ್ಕಿದ್ದು ಮಧ್ಯಾಹ್ನ ಕಳೆದ ಮೇಲೆ. ಕೇಂಬ್ರಿಡ್ಜ್ ಹತ್ತಿರ ಬರುವಷ್ಟರಲ್ಲಿ ಪರದೆಯಲ್ಲಿ ಉಳಿದಿದ್ದದ್ದು ಕೆಲವೇ ನಿಮಿಷ. ಬ್ರಾಂಪ್ಟನ್‌ನ ನನ್ನ ಮನೆ ಅಲ್ಲಿಂದ ಒಂದು ಗಂಟೆಯೂ ಇಲ್ಲ. ಸ್ವಂತ ಕೆಲಸಕ್ಕೆ ದಿನಕ್ಕೆ 75 ಕಿಲೋಮೀಟರ್‌ವರೆಗೆ ಓಡಿಸಲು ನಿಯಮದಲ್ಲಿ ಅವಕಾಶವಿದೆ, ಆದರೆ ಗಾಡಿ ಖಾಲಿಯಿರಬೇಕು, ಟ್ರೇಲರ್ ಕಳಚಿರಬೇಕು. ನನ್ನ ಹಿಂದೆ ತುಂಬಿದ ಟ್ರೇಲರ್. ಹೆದ್ದಾರಿಯ ತಂಗುದಾಣದಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಮಂಗಳಾರತಿ ನೋಡಿದೆ. ಕಡುಬು ಮರುದಿನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದದ್ದು, ಹಿಟ್ಟು ರಬ್ಬರಿನಂತಾಗಿತ್ತು. ಕಾಗದದ ಕಾಲವಾಗಿದ್ದರೆ ಗೆರೆಯನ್ನು ಸ್ವಲ್ಪ ಸರಿಸಿ ಮನೆ ಸೇರುತ್ತಿದ್ದೆ, ಇದನ್ನು ಮುಚ್ಚಿಡುವುದಿಲ್ಲ. ಆ ಸಂಜೆಯ ಸಿಟ್ಟು ಇನ್ನೂ ಹೋಗಿಲ್ಲ. ಆದರೆ ಅದು ಪೆಟ್ಟಿಗೆಯ ಮೇಲಲ್ಲ, ಅಷ್ಟು ಹೊತ್ತು ನನ್ನನ್ನು ಪುಕ್ಕಟೆ ಕಾಯಿಸಿದವರ ಮೇಲೆ.

ಆದ್ದರಿಂದ ಕೆಲಸಕ್ಕೆ ಸೇರುವ ಮೊದಲು, ಕಾಯುವ ಹೊತ್ತಿಗೆ ಗಂಟೆಗೆ ಎಷ್ಟು ಕೊಡುತ್ತೀರಿ ಎಂದು ಕೇಳು, ಬರಹದಲ್ಲಿ ಪಡೆದುಕೋ. ನಮ್ಮವರೇ ಎಂದು ಸಂಕೋಚ ಪಡಬೇಡ, ನಮ್ಮವರ ಹತ್ತಿರವೇ ಗಟ್ಟಿಯಾಗಿ ಕೇಳಬೇಕು. ಲೋಡು ಹಂಚುವವನು ಫೋನು ಮಾಡಿ, ನಮ್ಮ ಊರಿನವರ ಹಾಗೆಯೇ, ‘ಸ್ವಲ್ಪ ಅಡ್ಜಸ್ಟ್ ಮಾಡಿಕೋ’ ಎನ್ನುತ್ತಾನೆ. ಯಂತ್ರ ತಾನಾಗಿ ಬರೆದುಕೊಂಡ ಚಾಲನೆಯ ಸಮಯವನ್ನು ಕಡಿಮೆ ಮಾಡಲು ಬರುವುದಿಲ್ಲ, ಬೇರೆ ತಿದ್ದುಪಡಿ ಮಾಡಿದರೂ ಹಳೆಯ ದಾಖಲೆ ಅಳಿಯುವುದಿಲ್ಲ. ಇನ್ನೊಬ್ಬನ ಹೆಸರಿನಲ್ಲಿ ಲಾಗಿನ್ ಆಗಿ ಓಡಿಸು ಎಂದರೆ ಕೀಲಿಕೈ ಮೇಜಿನ ಮೇಲಿಟ್ಟು ಎದ್ದು ಬಾ. ಸಿಕ್ಕಿಬಿದ್ದರೆ ಲೈಸೆನ್ಸು ನಿನ್ನದು, ವೀಸಾ ನಿನ್ನದು. ಆಗ ಅವನು ಫೋನು ತೆಗೆಯುವುದಿಲ್ಲ.

ಸಂಪಾದನೆ ಸಾಕಾಗುತ್ತದೆಯೇ ಎಂದರೆ, ಆಗುತ್ತದೆ. ಬ್ರಾಂಪ್ಟನ್‌ನಲ್ಲಿ ಮನೆ ಕೊಂಡಿದ್ದೇನೆ, ನಾಗಸಂದ್ರದಲ್ಲಿ ತಂಗಿಯ ಮದುವೆ ಮಾಡಿದ್ದೇನೆ, ಅದೂ ನಿದ್ದೆಗೆಟ್ಟು ಗಾಡಿ ಓಡಿಸದೆ.

ಸಂಸಾರವನ್ನು ಮಾತ್ರ ಬೇಗ ಕರೆಸಿಕೊಳ್ಳಬೇಡ. ದೂರದ ಟ್ರಿಪ್ಪು ಬಿಟ್ಟು ನಗರದೊಳಗಿನ ಕೆಲಸ ಸಿಗುವವರೆಗೆ ಅವರು ಅಲ್ಲೇ ಇರಲಿ. ಇದಕ್ಕೆ ನಿನ್ನ ಅತ್ತಿಗೆ ಒಪ್ಪುವುದಿಲ್ಲ, ಅವಳ ವಾದವೇ ಬೇರೆ. ನಮ್ಮ ಭಾನುವಾರ ರಾತ್ರಿ ಒಂಬತ್ತಕ್ಕೆ, ಎಂದರೆ ನಿಮಗೆ ಸೋಮವಾರ ಬೆಳಗ್ಗೆ, ಫೋನು ಮಾಡಿ ಅವಳನ್ನೂ ಕೇಳು.