ಅಡಕೆ ಹಾಳೆಯ ಮೇಲೆ ಮಲಗಿದ ಮಗು: ಒಂದು ಆಪ್ತಸಲಹೆ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಕೆ ತೋಟದ ಮನೆಯೊಂದರಿಂದ, ಚೊಚ್ಚಲ ಹೆರಿಗೆಯಾದ 27 ವರ್ಷದ ಮಗಳನ್ನು ಕರೆದುಕೊಂಡು ಆಕೆಯ ತಾಯಿಯೇ ನನ್ನಲ್ಲಿಗೆ ಬಂದರು. (ಮನೆಯವರ ಒಪ್ಪಿಗೆಯೊಂದಿಗೆ, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆದಿದ್ದೇನೆ.) ಮಗುವಿಗೆ ಆಗ 4 ತಿಂಗಳು. "ಇವಳು ಮಗುವನ್ನು ಎತ್ತಿಕೊಳ್ಳುವುದೇ ಇಲ್ಲ" ಎಂಬುದು ಅಜ್ಜಿಯ ದೂರು. ಮಗಳು ಬಹಳ ಹೊತ್ತು ಸುಮ್ಮನಿದ್ದಳು, ಅಜ್ಜಿ ಮಗುವನ್ನೆತ್ತಿಕೊಂಡು ಹೊರಗೆ ಹೋದ ಮೇಲೆ ತನ್ನ ಮನೆಮಾತಿನಲ್ಲಿ ಎರಡೇ ಮಾತು ಹೇಳಿದಳು: "ಆನು ಹಾಲಿಂಗೆ ಮಾತ್ರ. ಬಾಬೆಗೆ ಅಜ್ಜಿಯೇ ಅಬ್ಬೆ." (ನಾನು ಹಾಲಿಗೆ ಮಾತ್ರ. ಮಗುವಿಗೆ ಅಜ್ಜಿಯೇ ತಾಯಿ.)

ಮಗು ಹುಟ್ಟಿದ್ದು 33ನೇ ವಾರದಲ್ಲಿ, 1,700 ಗ್ರಾಂ ತೂಕದೊಂದಿಗೆ. ಮಂಗಳೂರಿನ ಆಸ್ಪತ್ರೆಯೊಂದರ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ 22 ದಿನ ಇತ್ತು. ಸಿಸೇರಿಯನ್ ಗಾಯದ ತಾಯಿ ದಿನಕ್ಕೊಮ್ಮೆ ಗಾಜಿನಾಚೆಯಿಂದ ನೋಡಿ, ಹಾಲು ಹಿಂಡಿಕೊಟ್ಟು ಬರುತ್ತಿದ್ದಳು. ಮನೆಗೆ ಬಂದ ಮೇಲೆ ಬಾಣಂತನದ ಕಟ್ಟುನಿಟ್ಟು. ಸೊಂಟ ನೋಯಬಾರದು, ತಲೆಗೆ ಗಾಳಿ ತಾಗಬಾರದು, ನಿದ್ದೆ ಕೆಡಬಾರದು ಎಂದು ಅಜ್ಜಿ ಮಗುವನ್ನು ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡರು, ಒಳಲೆಯಲ್ಲಿ ಹಾಲು ಕುಡಿಸಿದರು, ಮೀಯಿಸಿದರು. ಇದರಲ್ಲಿ ಯಾರದೂ ತಪ್ಪಿಲ್ಲ. ಮಗಳ ಮೈಯನ್ನು ಉಳಿಸಲು ಮಾಡಿದ ಆರೈಕೆಯೇ ಅವಳ ಕೈಯಿಂದ ಮಗುವನ್ನು ದೂರ ಮಾಡಿತ್ತು.

ಎಡಿನ್‌ಬರೋದಲ್ಲಿ ರೂಪಿಸಿ 1987ರಲ್ಲಿ ಪ್ರಕಟಿಸಿದ, ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಬಳಸುವ 10 ಪ್ರಶ್ನೆಗಳನ್ನು ಮೊದಲು ಆಕೆಗೆ ಕನ್ನಡದಲ್ಲಿ ಓದಿ ಹೇಳಿದೆ. 30ರಲ್ಲಿ 15 ಅಂಕ ಬಂತು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತ ಹತ್ತನೆಯ ಪ್ರಶ್ನೆಗೆ ಸೊನ್ನೆ. ಈ ಅಂಕವೇ ರೋಗನಿರ್ಣಯವಲ್ಲ, ಆದರೆ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಲೇಬೇಕು. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಗಳೊಂದಿಗೆ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಸದ್ಯಕ್ಕೆ ಔಷಧಿ ಬೇಡ, ಆಪ್ತಸಲಹೆ ಮುಂದುವರಿಯಲಿ, ಎರಡು ವಾರ ಬಿಟ್ಟು ಮತ್ತೆ ನೋಡೋಣ ಎಂದರು. ಈ ಕ್ರಮವನ್ನು ನಾನು ಬಿಡುವುದಿಲ್ಲ. ಕಂಗೆಟ್ಟು ಕೂತವಳಿಗೆ "ಮಗುವನ್ನು ಆಡಿಸು, ಎಲ್ಲ ಸರಿಹೋಗುತ್ತದೆ" ಎನ್ನುವುದು ಗಾಯದ ಮೇಲೆ ಬರೆ ಎಳೆದಂತೆ.

ಎರಡನೆಯ ಭೇಟಿಯಲ್ಲಿ ಮಗುವನ್ನು ಆಕೆಯ ತೊಡೆಯ ಮೇಲೆ ಮಲಗಿಸಿ ಸುಮ್ಮನೆ ನೋಡುತ್ತ ಕುಳಿತೆ. ಮಗು ನಾಲ್ಕೈದು ಕ್ಷಣ ತಾಯಿಯ ಮುಖವನ್ನೇ ದಿಟ್ಟಿಸಿ, ಮುಖ ತಿರುಗಿಸಿತು. ಆಕೆ ಗಾಬರಿಯಿಂದ ಬಾಗಿ ಗಿಲಕಿ ಅಲ್ಲಾಡಿಸಿದಳು, ಮಗು ಇನ್ನೂ ಆಚೆ ತಿರುಗಿತು. ಗಿಲಕಿಯ ಸದ್ದು ಜೋರಾದಂತೆ ಅಳು ಶುರುವಾಯಿತು, ಬಾಗಿಲಲ್ಲಿದ್ದ ಅಜ್ಜಿಯ ಕೈ ಮುಂದೆ ಬಂದೇ ಬಿಟ್ಟಿತು. "ನೋಡಿದಿರಲ್ಲ" ಎಂದಳು.

ನಾನು ಕಂಡದ್ದೇ ಬೇರೆ. ಏಳು ವಾರ ಮೊದಲೇ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಅಳೆಯುವಾಗ ಆ ಏಳು ವಾರಗಳನ್ನು ಕಳೆಯಬೇಕು. ಹಾಗೆ ನೋಡಿದರೆ ಈ ಮಗುವಿಗೆ ಸುಮಾರು ಹತ್ತೇ ವಾರ. ಮುಖ ನೋಡಿ ನಗುವುದು ಶುರುವಾಗುವುದೇ ಆರರಿಂದ ಎಂಟು ವಾರಗಳ ಹೊತ್ತಿಗೆ. ತಾಯಿ ನಗುವಿಗಾಗಿ ಕಾದ ಎರಡು ತಿಂಗಳಲ್ಲಿ ಬಹುಪಾಲು ಕಾಲ ಅದು ಬರಬೇಕಾದ ಹೊತ್ತೇ ಆಗಿರಲಿಲ್ಲ. ಮುಖ ತಿರುಗಿಸುವುದೂ ತಿರಸ್ಕಾರವಲ್ಲ; ಅವಧಿಗೆ ಮೊದಲು ಹುಟ್ಟಿದ ಮಕ್ಕಳು ಬೇಗ ದಣಿಯುತ್ತವೆ, ದಣಿದಾಗ ನೋಟ ಬೇರೆಡೆ ಹೊರಳಿಸಿ ಸುಧಾರಿಸಿಕೊಳ್ಳುತ್ತವೆ. ಆಗ ಬೆನ್ನು ಹತ್ತದೆ ಕಾಯಬೇಕು, ಅದು ಮರಳಿ ನೋಡಿದಾಗ ಮೆಲ್ಲನೆ ಮಾತಾಡಿಸಬೇಕು. ಮಗು ಆಕೆಯನ್ನು ದಿಟ್ಟಿಸಿದ ಆ ನಾಲ್ಕೈದು ಕ್ಷಣಗಳನ್ನು ಆಕೆ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಜ್ಜಿ ತನ್ನ ಸ್ಥಾನ ಕಿತ್ತುಕೊಂಡರೆಂಬ ಭಯಕ್ಕೂ ಆಧಾರವಿರಲಿಲ್ಲ. ತಾಯಿ ಮಗುವಿನ ಬಾಂಧವ್ಯದ ಅಧ್ಯಯನಕ್ಕೆ ತಳಪಾಯ ಹಾಕಿದವರಲ್ಲೊಬ್ಬರಾದ ಮೇರಿ ಐನ್ಸ್‌ವರ್ತ್ 1954-55ರಲ್ಲಿ ಉಗಾಂಡದ ಹಳ್ಳಿಮನೆಗಳಲ್ಲಿ ಕೂತು ನೋಡಿದ್ದೂ ಇಂಥ ತುಂಬಿದ ಮನೆಗಳನ್ನೇ. ಮಗು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಳ್ಳಬಲ್ಲದು, ಮತ್ತು ಇಂಥವರೇ ಬೇಕೆಂಬ ಹಟ ಸ್ಪಷ್ಟವಾಗಿ ಕಾಣುವುದು ಆರೇಳು ತಿಂಗಳ ನಂತರ.

ಹಾಗಾಗಿ ಹತ್ತು ಸೂಚನೆ ಕೊಡುವ ಬದಲು ಒಂದೇ ಕೆಲಸ ಕೈ ಬದಲಾಯಿಸಬೇಕೆಂದೆ: ಮೀಯಿಸುವುದು. ನಮ್ಮ ಕಡೆ ಮಗುವನ್ನು ಅಡಕೆ ಹಾಳೆಯಲ್ಲಿ (ಅಡಕೆ ಸೋಗೆಯ ಬುಡದ ಅಗಲವಾದ ಭಾಗ) ಮಲಗಿಸಿ ಎಣ್ಣೆ ಹಚ್ಚುವ ರೂಢಿಯಿದೆ. ಹಾಳೆಯ ಏರಿದ ಅಂಚುಗಳ ನಡುವೆ ಮಗು ಜಾರದೆ ನಿಲ್ಲುತ್ತದೆ, ಎದುರು ಕುಳಿತವರ ಮುಖ ಅದಕ್ಕೆ ಸರಿಯಾಗಿ ಕಾಣುತ್ತದೆ, ಎರಡು ಕೈಗೂ ಕೆಲಸವಿರುವುದರಿಂದ ಗಿಲಕಿ ಅಲ್ಲಾಡಿಸುವ ಆತುರವೂ ಇರುವುದಿಲ್ಲ. ಮಕ್ಕಳ ವೈದ್ಯರ ಒಪ್ಪಿಗೆ ಕೇಳಿಕೊಂಡೆವು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು, ಮೂಗು ಕಿವಿಗಳಿಗೆ ಎಣ್ಣೆ ಬಿಡಬಾರದು, ಮಿಂದ ಮೇಲೆ ಹೊಗೆ ಹಾಕಬಾರದು. (ಹೊಗೆಯ ವಿಷಯದಲ್ಲಿ ಅಜ್ಜಿಯನ್ನು ಒಪ್ಪಿಸಲು ಎರಡು ಭೇಟಿ ಬೇಕಾದವು.) ಮಿಂದ ಮಗುವನ್ನು ಒರೆಸಿ, ತಾಯಿಯ ಬರಿ ಎದೆಗೆ ಒರಗಿಸಿ ಮೇಲೆ ಸೀರೆ ಹೊದೆಸಿ ಅರ್ಧ ಗಂಟೆ ಕೂರಬೇಕು, ಆ ಹೊತ್ತಿನಲ್ಲಿ ತಾಯಿ ನಿದ್ದೆ ಹೋಗಬಾರದು.

ಅಜ್ಜಿಗೆ ಹೇಳಿದ್ದು ಹೆಚ್ಚು ಕಠಿಣ. "ಅಮ್ಮಾ, ಮಗು ಅತ್ತಾಗ ನೀವು ಪಕ್ಕದಲ್ಲಿ ಕುಳಿತಿರಿ, ಆದರೆ ಮಗಳು ಕೇಳದೆ ಕೈ ಚಾಚಬೇಡಿ." ತೀರಾ ಸಾಕಾದರೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಅಮ್ಮನನ್ನು ಕರೆಯುವುದು ಸೋಲಲ್ಲ ಎಂದು ಮಗಳಿಗೂ ಹೇಳಿದೆ. ಬೆಂಗಳೂರಿನಲ್ಲಿರುವ ಗಂಡನಿಗೆ ಫೋನಿನಲ್ಲಿ ಕೇಳಿಕೊಂಡದ್ದು ಇಷ್ಟೇ: ವಿಡಿಯೋ ಕರೆಯಲ್ಲಿ ಮೊದಲು ಹೆಂಡತಿಯನ್ನು ಮಾತಾಡಿಸಿ, ಆಮೇಲೆ ಮಗುವನ್ನು.

ಮೊದಲ ವಾರ ಚೆನ್ನಾಗಿರಲಿಲ್ಲ; ಎರಡು ದಿನ ಆಕೆ ಬಚ್ಚಲಿಗೇ ಹೋಗಲಿಲ್ಲ. ಎಂಟನೆಯ ವಾರಕ್ಕೆ ಅಂಕ 7ಕ್ಕೆ ಇಳಿದಿತ್ತು. ಎಣ್ಣೆ ಹಚ್ಚುವಾಗ ಎಡಗಾಲು ಮುಟ್ಟಿದರೆ ಮಾತ್ರ ಮಗು ನಗುತ್ತದೆಂದು ಆಕೆಯೇ ಹೇಳಿದಳು. ಅದು ಅಜ್ಜಿಗೂ ತಿಳಿಯದ ಸಂಗತಿ.

ಕೊನೆಯ ಭೇಟಿಯ ಹೊತ್ತಿಗೆ ಮಗುವಿಗೆ 9 ತಿಂಗಳಾಗಿ, ಬೆಂಗಳೂರಿಗೆ ಹೊರಡುವ ಮಾತು ನಡೆದಿತ್ತು. ಈ ಪ್ರಾಯದಲ್ಲಿ ಅಜ್ಜಿಯಿಂದ ಒಮ್ಮೆಲೇ ಬಿಡಿಸಿದರೆ ಮಗುವಿಗೆ ಅದು ನಿಜವಾದ ಅಗಲಿಕೆ. ಅಜ್ಜಿಯೂ ಜತೆಗೆ ಹೋಗಿ ಮೂರು ವಾರ ಇರಬೇಕು, ಹೊರಡುವ ದಿನ ಕಣ್ಣು ತಪ್ಪಿಸಿ ಹೋಗದೆ ಮಗುವಿಗೆ ಹೇಳಿಯೇ ಹೊರಡಬೇಕು, ತನ್ನ ಹಳೆಯ ಸೀರೆಯೊಂದನ್ನು ಮಗುವಿನ ಹೊದಿಕೆಗೆ ಬಿಟ್ಟು ಬರಬೇಕು ಎಂದೆ. ಅಜ್ಜಿ ಒಪ್ಪಿದರು. ಬೆಂಗಳೂರಿನಲ್ಲಿ ಸಿಗಲಿಕ್ಕಿಲ್ಲವೆಂದು ಅಗಲವಾದ ಎರಡು ಹಾಳೆಗಳನ್ನು ಒಣಗಿಸಿ, ಗೋಣಿಯಲ್ಲಿ ಸುತ್ತಿ ಆಗಲೇ ಕಟ್ಟಿಟ್ಟಿದ್ದರು.